ಪದಚರ್ಚೆ: ಕರಗಿಸದೆ, ಕುಟ್ಟಿ ಮಾಡಿದ ಮಿಶ್ರಲೋಹಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಬ್ಬಿಣದ ಪುಡಿ, ಕ್ರೋಮಿಯಂ ಪುಡಿ ಎರಡನ್ನೂ ಕುಲುಮೆಗೆ ಹಾಕದೆ, ಬರೀ ಕುಟ್ಟಿ ಕುಟ್ಟಿ ಮಿಶ್ರಲೋಹ ಮಾಡುವ ವಿಧಾನದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಮೆಕ್ಯಾನಿಕಲ್ ಅಲಾಯಿಂಗ್ ಅಂತಾರೆ. ‘ಯಾಂತ್ರಿಕ ಮಿಶ್ರಲೋಹೀಕರಣ’ ಅಂತ ಬರೆದು ಮುಂದೆ ಹೋಗಬಹುದು, ಆದರೆ ಅದನ್ನು ಓದಿದವರಿಗೆ ಒಳಗೆ ಏನು ನಡೆಯುತ್ತದೆ ಅಂತ ಒಂದಿಷ್ಟೂ ತಿಳಿಯುವುದಿಲ್ಲ. ಕೆಲಸವೇ ಕಣ್ಣಿಗೆ ಕಟ್ಟುವಂಥ ಪದ ಬೇಕು.

ನಡೆಯುವುದು ಇಷ್ಟು. ಗಟ್ಟಿ ಉಕ್ಕಿನ ಡಬ್ಬಿಯಲ್ಲಿ ಪುಡಿ ಹಾಕುತ್ತಾರೆ, ಜೊತೆಗೆ ಉಕ್ಕಿನ ಗುಂಡುಗಳು. ಗುಂಡುಗಳ ತೂಕ ಪುಡಿಯ ಹತ್ತರಷ್ಟು ಇರುವುದು ಸಾಮಾನ್ಯ. ತುಕ್ಕು ಹಿಡಿಯದಂತೆ ಆರ್ಗಾನ್ ಅನಿಲ ತುಂಬಿ, ಗಂಟೆಗಟ್ಟಲೆ ಜೋರಾಗಿ ತಿರುಗಿಸುತ್ತಾರೆ. ಎರಡು ಗುಂಡು ಡಿಕ್ಕಿ ಹೊಡೆದಾಗ ನಡುವೆ ಸಿಕ್ಕ ಕಣ ಚಪ್ಪಟೆಯಾಗಿ ಪಕ್ಕದ ಕಣಕ್ಕೆ ಅಂಟಿಕೊಳ್ಳುತ್ತದೆ, ಮುಂದಿನ ಪೆಟ್ಟಿಗೆ ಒಡೆಯುತ್ತದೆ, ಮತ್ತೆ ಅಂಟುತ್ತದೆ. ಕಬ್ಬಿಣ, ಕ್ರೋಮಿಯಂ ಪದರ ಪದರವಾಗಿ ತೆಳುವಾಗುತ್ತಾ ಹೋಗಿ ಕೊನೆಗೆ ಪರಮಾಣುಗಳೇ ಬೆರೆಯುತ್ತವೆ. ಹರಳುಗಳು ಹತ್ತು ನ್ಯಾನೊಮೀಟರ್ ಆಸುಪಾಸಿಗೆ ಇಳಿಯುತ್ತವೆ. (ಗುಂಡುಗಳೂ ಸವೆಯುವುದರಿಂದ ಹಾಕಿದ್ದಕ್ಕಿಂತ ಸ್ವಲ್ಪ ಜಾಸ್ತಿ ಕಬ್ಬಿಣ ಸೇರಿಕೊಳ್ಳುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.) ಅಮೆರಿಕದಲ್ಲಿ ಇಂಕೋ ಕಂಪನಿಯ ಜಾನ್ ಬೆಂಜಮಿನ್ 1960ರ ದಶಕದಲ್ಲಿ ಇದನ್ನು ರೂಪಿಸಿದ್ದು ನಿಕ್ಕಲ್ ಮಿಶ್ರಲೋಹಗಳಿಗಾಗಿ. ಅವುಗಳ ಬಲ ಹೆಚ್ಚಿಸಲು ಸಣ್ಣ ಆಕ್ಸೈಡ್ ಕಣಗಳನ್ನು ಸೇರಿಸಬೇಕು; ಕರಗಿಸಿದರೆ ಆ ಕಣಗಳು ಮೇಲೆ ತೇಲಿಬಿಡುತ್ತವೆ, ಕುಟ್ಟಿದರೆ ಒಳಗೇ ಹರಡಿಕೊಂಡು ಉಳಿಯುತ್ತವೆ.

ಈಗ ಕ್ರಿಯಾಪದ. ‘ಬೀಸು’ ಅಂದರೆ ರಾಗಿ ಕಲ್ಲು. ‘ರುಬ್ಬು’ ಅಂದ ಕೂಡಲೇ ನೀರು ಬಂದುಬಿಡುತ್ತದೆ. ‘ಅರೆ’ ಚೆನ್ನಾಗಿದೆ, ಆದರೆ ಅದು ಉಜ್ಜುವ ಕೆಲಸ, ಇಲ್ಲಿರುವುದು ಪೆಟ್ಟಿನ ಕೆಲಸ. ಸಮಾಸ ಮಾಡಿದರೆ ಇನ್ನೂ ತೊಂದರೆ: ‘ಅರೆಬೆಸುಗೆ’ ಅಂದರೆ ಅರ್ಧಂಬರ್ಧ ಬೆಸುಗೆ ಅಂತಲೇ ಓದುತ್ತಾರೆ, ಅಲ್ವಾ? ಆಯುರ್ವೇದದವರ ‘ಮರ್ದನ’ ನೆನಪಾಯಿತು. ಪಾದರಸ, ಗಂಧಕ ಎರಡನ್ನೂ ಕಲ್ಲಿನಲ್ಲಿ ಅರೆದು ಅರೆದು ಕಪ್ಪು ಕಜ್ಜಲಿ ಮಾಡುತ್ತಾರಲ್ಲ, ಅದೂ ಬೆಂಕಿಯಿಲ್ಲದೆ ಬೇರೆಯೇ ವಸ್ತು ಮಾಡುವ ಕೆಲಸ. ಆದರೆ ಇವತ್ತು ಮರ್ದನ ಅಂದರೆ ಜನರಿಗೆ ಎಣ್ಣೆ ತಿಕ್ಕುವುದು, ಇಲ್ಲವೇ ಕಾಳಿಂಗ ಮರ್ದನ. ಹಾಗಾಗಿ ನನ್ನ ಓಟು ‘ಕುಟ್ಟು’ವಿಗೆ. ‘ಕುಟ್ಟುಬೆಸುಗೆ’ ಅನ್ನಬಹುದು, ಆದರೆ ಅದರಲ್ಲಿ ಒಡೆಯುವ ಅರ್ಧ ಬಿಟ್ಟುಹೋಗುತ್ತದೆ. ‘ಕುಟ್ಟುಬೆರಕೆ’ ಹೇಗೆ? ‘ಬೆರಕೆ’ಗೆ ಕಲಬೆರಕೆಯ ಕಳಂಕ ಇದೆ ನಿಜ, ಆದರೂ ನನಗೆ ಇದೇ ಹೆಚ್ಚು ಒಪ್ಪಿಗೆ.

ಇದನ್ನು ಇಷ್ಟು ಕೆದಕುವುದಕ್ಕೆ ಕಾರಣವಿದೆ. ಪುಡಿಗಳ ‘ಮಿಶ್ರಣ’ ಬೇರೆ, ‘ಮಿಶ್ರಲೋಹ’ ಬೇರೆ, ಮತ್ತು ಕಬ್ಬಿಣ-ಕ್ರೋಮಿಯಂ ಜೋಡಿಯಲ್ಲಿ ಇವೆರಡನ್ನು ಬೇರೆ ಮಾಡಿ ನೋಡುವುದೇ ಕಷ್ಟ. ಎರಡರ ಹರಳಿನ ರಚನೆಯೂ ಒಂದೇ: ಘನದ ಮೂಲೆಗಳಲ್ಲೂ ನಡುವಿನಲ್ಲೂ ಪರಮಾಣು. ಘನದ ಅಂಚು ಕಬ್ಬಿಣದಲ್ಲಿ 2.87 ಆಂಗ್‌ಸ್ಟ್ರಾಮ್ (ನ್ಯಾನೊಮೀಟರಿನ ಹತ್ತನೇ ಒಂದು ಭಾಗ), ಕ್ರೋಮಿಯಂನಲ್ಲಿ 2.88. ಎಕ್ಸ್-ರೇ ಚಿತ್ರದಲ್ಲಿ ಇಬ್ಬರ ಗೆರೆಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಬೀಳುತ್ತವೆ. ಕುಟ್ಟಿದ ಮೇಲೆ ಗೆರೆಗಳು ದಪ್ಪಗಾಗುವುದರಿಂದ ಇನ್ನೂ ಕಲಸಿಹೋಗುತ್ತದೆ. ಆಗ ನೆರವಿಗೆ ಬರುವುದು ಮೊಸ್‌ಬವರ್ ವಿಧಾನ, ಅಂದರೆ ಗಾಮಾ ಕಿರಣವನ್ನು ಕಬ್ಬಿಣದ ನ್ಯೂಕ್ಲಿಯಸ್ಸು ಹೇಗೆ ಹೀರುತ್ತದೆ ಅಂತ ಅಳೆಯುವುದು. ಶುದ್ಧ ಕಬ್ಬಿಣದ ನ್ಯೂಕ್ಲಿಯಸ್ಸಿನಲ್ಲಿ ಸುಮಾರು 33 ಟೆಸ್ಲಾ ಕಾಂತಕ್ಷೇತ್ರ, ಅದರಿಂದ ಸ್ಪಷ್ಟವಾದ ಆರು ಗೆರೆ. ಕಬ್ಬಿಣದ ಪಕ್ಕದ ಮನೆಗೆ ಒಂದು ಕ್ರೋಮಿಯಂ ಬಂದು ಕೂತರೆ ಸುಮಾರು 3 ಟೆಸ್ಲಾ ಇಳಿಯುತ್ತದೆ, ಎರಡು ಬಂದರೆ ಮತ್ತಷ್ಟು. ಸುಮ್ನೆ ಕಲಸಿದ ಪುಡಿಯಲ್ಲಿ ಆರು ಗೆರೆ ಚೂಪಾಗಿಯೇ ಇರುತ್ತವೆ, ಪರಮಾಣು ಬೆರೆತಾಗ ಮಾತ್ರ ಅಗಲವಾಗಿ ಮಸುಕಾಗುತ್ತವೆ, ಕ್ರೋಮಿಯಂ ತುಂಬಾ ಜಾಸ್ತಿಯಾದರೆ ಕೋಣೆಯ ಉಷ್ಣತೆಯಲ್ಲಿ ಒಂದೇ ಗೆರೆಗೆ ಕುಸಿಯುತ್ತವೆ. ಹೀಗಿರುವಾಗ ‘ಮಿಶ್ರಣ’ ಅಂತ ಸಡಿಲವಾಗಿ ಬರೆದರೆ ವಿಷಯದ ತಿರುಳೇ ಹೋಗುತ್ತದೆ.

ಎರಡನೇ ಪ್ರಶ್ನೆ ‘ಗಡಸು’ ಬಗ್ಗೆ. ಕುಟ್ಟಿದಷ್ಟೂ ಲೋಹ ಗಡಸಾಗುತ್ತದೆ. ಒಳಗಿನ ಎಳೆತದಿಂದಾಗಿ, ಒಮ್ಮೆ ಹಿಡಿದ ಕಾಂತತ್ವವನ್ನು ಸುಲಭಕ್ಕೆ ಬಿಟ್ಟುಕೊಡದ ಗುಣವೂ ಸಾಮಾನ್ಯವಾಗಿ ಹೆಚ್ಚುತ್ತದೆ. ಇದಕ್ಕೂ ‘ಗಡಸು ಅಯಸ್ಕಾಂತ’ ಅಂದರೆ ಓದುಗರು ಯಾವ ಗಡಸು ಅಂತ ತಿಳಿಯಬೇಕು? ‘ಹಟ’ ಅನ್ನಬಹುದೇ, ‘ಕಾಂತಹಟ’ ಅಂತ? ಅದೇ ಹೊತ್ತಿಗೆ ಕ್ರೋಮಿಯಂ ಒಳಸೇರಿದಂತೆ ಪುಡಿಯ ಒಟ್ಟು ಕಾಂತಬಲ ಇಳಿಯುತ್ತದೆ. ಬಲ ಕಡಿಮೆ, ಹಟ ಜಾಸ್ತಿ, ಹೀಗೆ ಎರಡು ಪದ ಇದ್ದರೆ ಒಂದೇ ಸಾಲಿನಲ್ಲಿ ಹೇಳಬಹುದು.

ಇನ್ನು ಕ್ರೋಮಿಯಂನ ಸ್ವಭಾವ. ಅದರಲ್ಲಿ ಅಕ್ಕಪಕ್ಕದ ಪರಮಾಣುಗಳ ಕಾಂತದಿಕ್ಕು ಒಂದಕ್ಕೊಂದು ಎದುರು, ಒಟ್ಟು ಬಲ ಸೊನ್ನೆ. ಈ ಶಿಸ್ತು ಸುಮಾರು 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡುತ್ತದೆ, ಅಂದರೆ ಏಪ್ರಿಲ್ ಮಧ್ಯಾಹ್ನ ಕಲಬುರಗಿಯ ಬಿಸಿಲೇ ಸಾಕು. ಕಬ್ಬಿಣದ ಕಾಂತಶಿಸ್ತು ಕೆಡಲು 770 ಡಿಗ್ರಿ ಬೇಕು. ಕ್ರೋಮಿಯಂನಂಥ ವಸ್ತುವನ್ನು (ಇಂಗ್ಲಿಷಿನಲ್ಲಿ ಆಂಟಿಫೆರೊಮ್ಯಾಗ್ನೆಟ್) ‘ಪ್ರತಿಕಾಂತ’ ಅಂದರೆ ಅಯಸ್ಕಾಂತವನ್ನು ದೂರ ತಳ್ಳುವ ವಸ್ತು ಅಂತ ಅನಿಸುತ್ತದೆ. ‘ಎದುರುಕಾಂತ’ ಅಂದರೂ ಅದೇ ಗೊಂದಲ ಬರುತ್ತದೆಯೇ?

ಕಮ್ಮಾರಿಕೆ, ಅಕ್ಕಸಾಲಿಕೆ ಮನೆತನದವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಎರಡು ಲೋಹದ ತುಂಡುಗಳನ್ನು ಬರೀ ಬಡಿದು ಒಂದು ಮಾಡುವುದಕ್ಕೆ ನಿಮ್ಮಲ್ಲಿ ‘ಬೆಸುಗೆ’ ಬಿಟ್ಟು ಬೇರೆ ಮಾತು ಇದೆಯೇ? ಇದ್ದರೆ ‘ಕುಟ್ಟುಬೆರಕೆ’ಯನ್ನು ಕೈಬಿಟ್ಟು ಅದನ್ನೇ ಬಳಸುತ್ತೇನೆ.