ಫ್ರೀಝ್ ಆಗುವ ಥ್ರೆಡ್: ‘ಹೆಪ್ಪುಗಟ್ಟು’ ಸರಿಯೇ, ‘ತಂಗು’ ಸರಿಯೇ?

ಗೆಳೆಯರೇ,

ಲಿನಕ್ಸ್ ಕರ್ನಲ್‌ನ ಸಸ್ಪೆಂಡ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಸಸ್ಪೆಂಡ್ ಅಂದರೆ ಕಂಪ್ಯೂಟರನ್ನು ನಿದ್ದೆಗೆ ಕಳಿಸುವುದು. ಸಸ್ಪೆಂಡ್‌ಗೆ ‘ಅಮಾನತು’ ಬೇಡ, ಅದು ನೌಕರರಿಗೆ ಆಗುವ ಶಿಕ್ಷೆ. ‘ಮಲಗಿಸು’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ತೊಡಕಿರುವುದು ಫ್ರೀಝ್ ಎಂಬ ಪದದಲ್ಲಿ.

ಯಂತ್ರ ಮಲಗುವ ಮುನ್ನ ಬಳಕೆದಾರರ ಪ್ರೋಗ್ರಾಮ್‌ಗಳು ಮೊದಲು ನಿಲ್ಲುತ್ತವೆ, ಆಮೇಲೆ ಕರ್ನಲ್‌ನ ಹಿನ್ನೆಲೆ ಥ್ರೆಡ್‌ಗಳು (ಕೆಲಸ ನಡೆಸುವ ಎಳೆಗಳು). ಹೀಗೆ ನಿಲ್ಲುವುದೇ ಫ್ರೀಝ್. ಥ್ರೆಡ್‌ಗಳಲ್ಲಿ ಎಲ್ಲವೂ ಅಲ್ಲ, ‘ಸೆಟ್ ಫ್ರೀಝಬಲ್’ ಎಂಬ ಫಂಕ್ಷನ್ ಕರೆದು ತಾವೇ ಒಪ್ಪಿಕೊಂಡವು ಮಾತ್ರ. ಅವನ್ನೂ ಯಾರೂ ಎಳೆದು ನಿಲ್ಲಿಸುವುದಿಲ್ಲ. ಥ್ರೆಡ್ ಕೈಲಿರುವ ಕೆಲಸ ಮುಗಿಸಿ, ಹಿಡಿದ ಲಾಕ್‌ಗಳನ್ನು (ಬೇರೆಯವರು ನಡುವೆ ಕೈಹಾಕದಂತೆ ಹಾಕಿಕೊಂಡ ಬೀಗಗಳನ್ನು) ಬಿಟ್ಟು, ‘ಟ್ರೈ ಟು ಫ್ರೀಝ್’ ಎಂದು ಕೋಡ್‌ನಲ್ಲಿ ಬರೆದಲ್ಲಿಗೆ ಬಂದು ತಾನಾಗಿ ನಿಲ್ಲಬೇಕು. ಲಾಕ್ ಹಿಡಿದೇ ನಿಂತುಬಿಟ್ಟರೆ, ಅದಕ್ಕಾಗಿ ಕಾದಿರುವ ಇನ್ನೊಂದು ಟಾಸ್ಕ್ ನಿಲ್ಲಲಾರದೆ ಸಿಕ್ಕಿಬೀಳುತ್ತದೆ. ಯಾರೂ ಅವಧಿ ಬದಲಿಸದಿದ್ದರೆ ಕರ್ನಲ್ 20 ಸೆಕೆಂಡು ನೋಡುತ್ತದೆ, ಆಮೇಲೆ ಮಲಗುವುದನ್ನೇ ಕೈಬಿಡುತ್ತದೆ.

ಇದಕ್ಕೆ ‘ಹೆಪ್ಪುಗಟ್ಟು’ ಎಂದು ಬರೆದು ನೋಡಿದೆ. ಸಮಾಧಾನವಾಗಲಿಲ್ಲ. ಹೆಪ್ಪು ಹಾಕಿದ ಹಾಲು ಮತ್ತೆ ಹಾಲಾಗುವುದಿಲ್ಲ, ಅಲ್ವಾ? ಥ್ರೆಡ್ ಮಾತ್ರ ಎಚ್ಚರವಾದ ಮೇಲೆ ನಿಂತಲ್ಲಿಂದಲೇ ಮುಂದುವರಿಯಬೇಕು. ಫ್ರೀಝ್ ಆದದ್ದನ್ನು ಮತ್ತೆ ಓಡಿಸುವ ಥಾ (thaw) ಎಂಬುದಕ್ಕೆ ‘ಕರಗು’ ಅಂದರೆ ಥ್ರೆಡ್ಡೇ ಇಲ್ಲವಾದಂತೆ ಕೇಳುತ್ತದೆ. ‘ತಡೆಹಿಡಿ’ಯಲ್ಲಿ ಹೊರಗಿನವರ ಬಲವಂತ ಜಾಸ್ತಿ.

ನನಗೆ ಹಿಡಿಸಿದ ಪದ ‘ತಂಗು’. ತಂಗುವವನು ತಾನೇ ತಕ್ಕ ಜಾಗ ನೋಡಿ ನಿಲ್ಲುತ್ತಾನೆ, ಮತ್ತೆ ಹೊರಡುವ ಮನಸ್ಸಿಟ್ಟುಕೊಂಡೇ ನಿಲ್ಲುತ್ತಾನೆ. ‘ಟ್ರೈ ಟು ಫ್ರೀಝ್’ ಇರುವ ಸಾಲು ಆಗ ನಿಜವಾಗಿಯೂ ‘ತಂಗುದಾಣ’ವಾಗುತ್ತದೆ! ಥಾ ಎಂಬುದು ‘ಹೊರಡಿಸು’. ಫ್ರೀಝಬಲ್ ಎಂಬುದನ್ನು ‘ತಂಗಿಸಬಹುದಾದ’ ಅನ್ನದೆ ‘ತಂಗಬಲ್ಲ’ ಅನ್ನುತ್ತೇನೆ. ‘ಬಲ್ಲ’ದಲ್ಲಿ ಅರಿವೂ ಇದೆ, ಎಲ್ಲಿ ನಿಂತರೆ ಕೆಡುಕಿಲ್ಲ ಎಂದು ಆ ಥ್ರೆಡ್‌ಗೆ ಗೊತ್ತಿರಬೇಕಲ್ಲ.

ಎರಡು ಕಡೆ ನಿಮ್ಮ ಸಹಾಯ ಬೇಕು. ‘ಥ್ರೆಡ್ ತಂಗಿ ಮುಂದುವರಿಯುತ್ತದೆ’ ಎಂದಾಗ ‘ತಂಗಿ’ ಎಂಬುದು ಸೋದರಿಯಂತೆ ಓದಿಸಿಕೊಳ್ಳುತ್ತದೆ. ‘ತಂಗಿದ್ದು’ ಎಂದು ಬರೆದರೆ ಸಾಕೇ? ಇನ್ನು, ಕರ್ನಲ್‌ನಲ್ಲಿ ಥ್ರೆಡ್ಡನ್ನು ‘ಪಾರ್ಕ್’ ಮಾಡುವುದೂ ಬೇರೆಯೇ ಇದೆ. ಅದನ್ನು ಇನ್ನೊಂದು ಕೋಡ್ ಕೇಳಿ ನಿಲ್ಲಿಸುತ್ತದೆ, ಸಿಪಿಯು ಒಂದನ್ನು ಆಫ್‌ಲೈನ್ ಮಾಡುವಾಗ ಬೇಕಾಗುತ್ತದೆ. ಅದಕ್ಕೆ ‘ನಿಲ್ಲಿಸಿಡು’ ಅಂದರೆ ‘ತಂಗು’ವಿನಿಂದ ಬೇರೆಯಾಗಿ ತಿಳಿಯುತ್ತದೆಯೇ, ಅಥವಾ ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಮಾತಿದೆಯೇ?