ಟೈರಿನ ಉಬ್ಬಕ್ಷರಕ್ಕೆ ಬಣ್ಣ ಬಳಿಯುವುದೋ, ತುಂಬುವುದೋ, ತಿದ್ದುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮೊದಲಿನ ರೂಪಕ್ಕೆ ತರುವ ಹವ್ಯಾಸವಿರುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕುಗಳ ಅಧ್ಯಾಯಗಳು ಅಷ್ಟಾಗಿ ಕಾಡಲಿಲ್ಲ. ಅಲ್ಲಿನ ಪದಗಳನ್ನು ಗ್ಯಾರೇಜಿನವರು ಆಡುವ ಹಾಗೆಯೇ ಇಟ್ಟುಕೊಂಡಿದ್ದೇನೆ. ನಾನು ಎಡವಿದ್ದು ಎರಡೇ ಪುಟದ ಒಂದು ಸಣ್ಣ ಅಧ್ಯಾಯದಲ್ಲಿ. ಟೈರಿನ ಮಗ್ಗುಲಲ್ಲಿ ರಬ್ಬರಿನಿಂದಲೇ ಎದ್ದು ನಿಂತಿರುವ ಕಂಪನಿಯ ಹೆಸರಿಗೆ ಬಿಳಿ ಬಣ್ಣ ಹಚ್ಚುವ ಕೆಲಸದ ವಿವರಣೆ ಅದು. ಆ ಅಕ್ಷರಗಳನ್ನು ಏನೆಂದು ಕರೆಯಬೇಕು, ಬಣ್ಣ ಹಚ್ಚುವ ಆ ಕೆಲಸಕ್ಕೆ ಯಾವ ಕ್ರಿಯಾಪದ ಒಪ್ಪುತ್ತದೆ ಎಂಬ ಎರಡು ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ಮೊದಲನೆಯದಕ್ಕೆ ಒಂದು ಉತ್ತರ ಹೊಳೆದಿದೆ, ಎರಡನೆಯದಕ್ಕೆ ತಮ್ಮ ನೆರವು ಬೇಕು.

ಮೊದಲ ಕರಡಿನಲ್ಲಿ ಯೋಚಿಸದೆ ‘ಟೈರಿನ ಉಬ್ಬಿದ ಅಕ್ಷರಗಳು’ ಎಂದು ಬರೆದಿದ್ದೆ. ಅದನ್ನು ಓದಿದ ಮೆಕ್ಯಾನಿಕ್ ಮಿತ್ರರೊಬ್ಬರು, “ಉಬ್ಬಿದ್ದರೆ ಟೈರು ಬದಲಾಯಿಸಬೇಕು ಸಾರ್, ಪೇಂಟ್ ಯಾಕೆ ಹೊಡೀತೀರಿ?” ಎಂದು ನಕ್ಕರು. ಅವರು ಹೇಳಿದ್ದು ಸರಿ. ಟೈರು ಗುಂಡಿಗೋ ಕಲ್ಲಿನ ಅಂಚಿಗೋ ಜೋರಾಗಿ ಬಡಿದಾಗ ಒಳಗಿನ ಹುರಿಗಳು ಹರಿದು, ಗಾಳಿಯ ಒತ್ತಡಕ್ಕೆ ರಬ್ಬರು ಆ ಜಾಗದಲ್ಲಿ ಮೊಟ್ಟೆಯಂತೆ ಹೊರಗೆ ಬರುತ್ತದೆ. ಅದನ್ನು ‘ಟೈರು ಉಬ್ಬಿದೆ’ ಎನ್ನುತ್ತಾರೆ, ಅಂಥ ಟೈರು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಹೀಗೆ ದೋಷವನ್ನು ಸೂಚಿಸುವ ‘ಉಬ್ಬಿದ’ ಎಂಬ ಕೃದಂತವನ್ನು ಅದೇ ಟೈರಿನ ಅದೇ ಮಗ್ಗುಲಿನ ಅಲಂಕಾರಕ್ಕೂ ಬಳಸಿದರೆ ಓದುಗನು ಗೊಂದಲಕ್ಕೆ ಬೀಳದೆ ಇರಲಾರ.

‘ಅಚ್ಚೊತ್ತಿದ ಅಕ್ಷರ’ ಎನ್ನಬಹುದೇ ಎಂದೂ ಯೋಚಿಸಿದೆ. ಟೈರು ತಯಾರಾಗುವ ಬಗೆಯನ್ನು ನೋಡಿದರೆ ಆ ಮಾತು ಸುಳ್ಳಲ್ಲ. ಲೋಹದ ಅಚ್ಚಿನ ಒಳಮೈಯಲ್ಲಿ ಹೆಸರನ್ನು ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ, ತಗ್ಗಾಗಿ ಕೊರೆದಿರುತ್ತಾರೆ. 150 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯಲ್ಲಿ, ಒತ್ತಡದಲ್ಲಿ, ಹಸಿ ರಬ್ಬರು ಆ ತಗ್ಗಿನೊಳಗೆ ಹರಿದು ಗಟ್ಟಿಯಾದಾಗ ಅಚ್ಚಿನ ತಗ್ಗು ಟೈರಿನ ಮೇಲೆ ದಿಣ್ಣೆಯಾಗುತ್ತದೆ. ಆದರೆ ಕನ್ನಡದಲ್ಲಿ ‘ಅಚ್ಚೊತ್ತು’ ಎಂದೊಡನೆ ಒತ್ತಿದ ಜಾಗ ಒಳಗೆ ಹೋದ ಚಿತ್ರವೇ ಮನಸ್ಸಿಗೆ ಬರುತ್ತದೆ. ‘ಮನಸ್ಸಿನಲ್ಲಿ ಅಚ್ಚೊತ್ತಿತು’ ಎನ್ನುವಾಗಲೂ ಅಷ್ಟೆ. ‘ಕೊರೆದ’, ‘ಕೆತ್ತಿದ’, ‘ಕಂಡರಿಸಿದ’ ಎಂಬವು ಇನ್ನೂ ದೂರ. ಕಲ್ಲಿನಲ್ಲಿ, ತಾಮ್ರದಲ್ಲಿ ಅಕ್ಷರ ಕೊರೆದ ಪರಂಪರೆ ನಮ್ಮ ಭಾಷೆಯಲ್ಲಿ ದೊಡ್ಡದಾಗಿರುವುದರಿಂದ ತಗ್ಗಿನ ಅಕ್ಷರಕ್ಕೆ ಬೇಕಾದಷ್ಟು ಮಾತುಗಳಿವೆ, ಉಬ್ಬಿನ ಅಕ್ಷರಕ್ಕೆ ಹುಡುಕಬೇಕಾಗಿದೆ.

ಹುಡುಕಿ ನಿಂತದ್ದು ‘ಉಬ್ಬಕ್ಷರ’ ಎಂಬಲ್ಲಿ. ಕನ್ನಡದ ‘ಉಬ್ಬು’ವಿಗೆ ಸಂಸ್ಕೃತದ ‘ಅಕ್ಷರ’ ಸೇರಿ ಅರಿಸಮಾಸವಾಯಿತಲ್ಲ ಎಂದು ಆಕ್ಷೇಪ ಬರಬಹುದು. ‘ಉಬ್ಬುಶಿಲ್ಪ’ ಎಂಬ ಪದವನ್ನು ನಾವೆಲ್ಲರೂ ಯಾವ ಅಳುಕೂ ಇಲ್ಲದೆ ಬಳಸುತ್ತಿರುವಾಗ ಆ ಆಕ್ಷೇಪಕ್ಕೆ ಹೆಚ್ಚಿನ ಬಲವಿಲ್ಲ ಎಂಬುದು ನನ್ನ ಅನಿಸಿಕೆ. ಹಿನ್ನೆಲೆಯಿಂದ ಬಿಡಿಸಿಕೊಳ್ಳದೆ ಅದರಿಂದಲೇ ಎದ್ದು ಬಂದದ್ದು ಎಂಬ ಅರ್ಥವನ್ನು ‘ಉಬ್ಬುಶಿಲ್ಪ’ ಆಗಲೇ ಕಟ್ಟಿಕೊಟ್ಟಿದೆ. ‘ಉಬ್ಬಕ್ಷರ’ಕ್ಕೆ ಬೇಕಾದದ್ದೂ ಅದೇ ಅರ್ಥ. ಒಂದೇ ಪದವಾಗಿ ಬೆಸೆದುಕೊಂಡಿರುವುದರಿಂದ, ‘ಉಬ್ಬಿದ’ ಎಂಬಲ್ಲಿದ್ದ ದೋಷದ ಸೂಚನೆಯೂ ಇಲ್ಲಿ ಕಳಚಿಹೋಗುತ್ತದೆ. ಸೈಡ್‌ವಾಲ್ ಎಂಬುದಕ್ಕೆ ಕೆಲವರು ‘ಪಕ್ಕಗೋಡೆ’ ಎಂದು ಬರೆಯುವುದನ್ನು ಕಂಡಿದ್ದೇನೆ. ಉರುಳುವಾಗಲೆಲ್ಲ ಬಾಗಿ ಏಳುವ ಭಾಗವನ್ನು ಗೋಡೆ ಎನ್ನಲು ಮನಸ್ಸೊಪ್ಪಲಿಲ್ಲ. ಮೇಲೆ ಬಳಸಿದಂತೆ ‘ಮಗ್ಗುಲು’ ಎಂದೇ ಬರೆದು, ಮೊದಲ ಸಲ ಮಾತ್ರ ಸೈಡ್‌ವಾಲ್ ಎಂದೂ ಸೇರಿಸಿದ್ದೇನೆ.

ಎರಡನೆಯ ಪ್ರಶ್ನೆಗೆ ಹೋಗುವ ಮುನ್ನ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು, ಏಕೆಂದರೆ ಕ್ರಿಯಾಪದದ ಆಯ್ಕೆ ಅದರ ಮೇಲೆ ನಿಂತಿದೆ. 1960ರ ದಶಕದ ಕೊನೆಯಿಂದ 1970ರ ದಶಕದುದ್ದಕ್ಕೂ ಅಮೆರಿಕದ ಮಸ್ಟಾಂಗ್, ಕಾರ್ವೆಟ್‌ಗಳಂಥ ಕಾರುಗಳಲ್ಲಿ ದೊಡ್ಡ ಬಿಳಿ ಅಕ್ಷರದ ಟೈರುಗಳು ಬಹಳ ಮೆರೆದವು. ಗುಡ್‌ಇಯರ್‌ನ ಪಾಲಿಗ್ಲಾಸ್ ಜಿಟಿ, ಬಿ. ಎಫ್. ಗುಡ್‌ರಿಚ್‌ನ ರೇಡಿಯಲ್ ಟಿ/ಎ ಟೈರುಗಳ ಚಿತ್ರ ನೋಡಿದವರಿಗೆ ಅವು ನೆನಪಿರುತ್ತವೆ. ಅವನ್ನು ನಾನು ‘ಬಿಳಿ ಬಣ್ಣ ಬಳಿದ ಉಬ್ಬಕ್ಷರ’ ಎಂದು ಅನುವಾದಿಸಿದ್ದೆ. ವಾಸ್ತವವಾಗಿ ಅಲ್ಲಿ ಬಣ್ಣವೇ ಇಲ್ಲ. ಮಗ್ಗುಲಿನ ಕಪ್ಪು ರಬ್ಬರಿನ ತೆಳುವಾದ ಹೊದಿಕೆಯ ಅಡಿಯಲ್ಲಿ ಬಿಳಿ ರಬ್ಬರಿನ ಪಟ್ಟಿಯೊಂದನ್ನು ಮೊದಲೇ ಇಟ್ಟಿರುತ್ತಾರೆ. ಟೈರು ಅಚ್ಚಿನಿಂದ ಹೊರಬಂದ ಮೇಲೆ ಅಕ್ಷರಗಳ ನೆತ್ತಿಯನ್ನು ಮಾತ್ರ ಉಜ್ಜಿ, ಕಪ್ಪನ್ನು ತೆಗೆದಾಗ ಒಳಗಿನ ಬಿಳುಪು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಅದು ‘ಬಿಳಿಯ ಉಬ್ಬಕ್ಷರ’, ನಾವು ಕೈಯಿಂದ ಹಚ್ಚುವುದು ‘ಬಿಳಿ ಹಚ್ಚಿದ ಉಬ್ಬಕ್ಷರ’. ಕನ್ನಡದಲ್ಲಿ ಈ ಎರಡನ್ನೂ ಇಷ್ಟು ಸಲೀಸಾಗಿ ಬೇರ್ಪಡಿಸಬಹುದು ಎಂಬುದು ತಪ್ಪು ಮಾಡಿದ ಮೇಲೆಯೇ ನನಗೆ ಗೊತ್ತಾದದ್ದು.

ಇನ್ನು ಕ್ರಿಯಾಪದ. ಮಾತಿನಲ್ಲಿ ‘ಪೇಂಟ್ ಹೊಡೆಯುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದರಲ್ಲಿ ಗೇಟಿಗೂ ಅಕ್ಷರಕ್ಕೂ ವ್ಯತ್ಯಾಸವಿಲ್ಲ. ‘ಬಳಿ’ ಎಂಬುದು ಅಗಲವಾದ ಮೈಗೆ, ಗೋಡೆಗೆ, ಸುಣ್ಣಕ್ಕೆ ಒಗ್ಗಿದ ಮಾತು. ಅಂಚಿನ ಎಚ್ಚರ ಅದರಲ್ಲಿಲ್ಲ. ‘ಬಣ್ಣ ತುಂಬು’ ಎಂದರೆ ಗೆರೆಗಳ ನಡುವಿನ ಖಾಲಿ ಜಾಗವನ್ನು ತುಂಬುವುದು. ಕೊರೆದ ಅಕ್ಷರಕ್ಕೆ ಅದು ಹೇಳಿ ಮಾಡಿಸಿದಂತಿದೆ, ತಗ್ಗಿನೊಳಗೆ ಬಣ್ಣ ನಿಲ್ಲುತ್ತದೆ. ಆದರೆ ಉಬ್ಬಕ್ಷರದ ನೆತ್ತಿಯ ಮೇಲೆ ತುಂಬಲು ಏನಿದೆ? ಹೆಚ್ಚಾದ ಬಣ್ಣ ಅಂಚಿನಿಂದ ಕೆಳಗಿಳಿದು ಕಪ್ಪಿನ ಮೇಲೆ ಹರಿಯುತ್ತದೆ.

ಅನುಭವಕ್ಕೆಂದು ನಾನೇ ಒಂದು ಹಳೆಯ ಟೈರಿನ ಮೇಲೆ ಈ ಕೆಲಸ ಮಾಡಿ ನೋಡಿದೆ. ಟೈರನ್ನು ಅಚ್ಚಿನಿಂದ ಸುಲಭವಾಗಿ ಬಿಡಿಸಲು ಹಚ್ಚಿದ ಲೇಪದ ಜಿಡ್ಡು, ರಬ್ಬರಿನೊಳಗಿಂದ ಮೇಲ್ಮೈಗೆ ಒಸರುವ ಮೇಣ, ಹೊಳಪಿಗೆಂದು ಸವರಿದ ಸಿಲಿಕೋನ್, ಇವೆಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿದೆ. ನಾಲ್ಕನೆಯ ಬಟ್ಟೆಯೂ ಕಂದು ಬಣ್ಣಕ್ಕೆ ತಿರುಗಿತು. ಸೀಸೆಯಲ್ಲಿ ಉಳಿದಿದ್ದ ಗಟ್ಟಿ ಎನಾಮೆಲ್ಲನ್ನು ಒಂದು ಅಕ್ಷರಕ್ಕೂ, ಒಣಗಿದ ಮೇಲೂ ಬಳುಕುವ, ರಬ್ಬರಿಗೆಂದೇ ತಯಾರಿಸಿದ ಬಣ್ಣವನ್ನು ಅದರ ಪಕ್ಕದ ಅಕ್ಷರಕ್ಕೂ ತೆಳುವಾಗಿ ಹಚ್ಚಿದೆ. ನೆಲಕ್ಕೆ ತಾಗುವ ಜಾಗದಲ್ಲಿ ಮಗ್ಗುಲು ಪ್ರತಿ ಸುತ್ತಿಗೂ ಒಮ್ಮೆ ಬಾಗುವುದರಿಂದ ಎನಾಮೆಲ್ ಕೆಲವೇ ದಿನಗಳಲ್ಲಿ ಕೆರೆಯ ಒಣ ಮಣ್ಣಿನಂತೆ ಸೀಳಿತು, ಪಕ್ಕದ್ದು ಉಳಿಯಿತು. ಇಲ್ಲಿ ಹೇಳಬೇಕಾದ ಸಂಗತಿ ಅದಲ್ಲ. ಮೊದಲ ಅಕ್ಷರದ ಅಂಚಿನಲ್ಲಿ ಕುಂಚದ ತುದಿಯನ್ನು ಬೆರಳ ಉಗುರಿಗೆ ಆನಿಸಿ ಹಿಡಿದು, ಅಚ್ಚಿನಲ್ಲಿ ಎಂದೋ ಯಾರೋ ಕೊರೆದಿಟ್ಟ ಆಕಾರದ ಮೇಲೆಯೇ ಮೆಲ್ಲಗೆ ಸಾಗುತ್ತಿದ್ದಾಗ, ಈ ಕೆಲಸವನ್ನು ನಾನು ಮೊದಲೇ ಮಾಡಿದ್ದೇನೆ ಎನ್ನಿಸಿತು. ಸ್ಲೇಟಿನ ಮೇಲೆ ಅಮ್ಮ ದೊಡ್ಡದಾಗಿ ಬರೆದುಕೊಟ್ಟ ‘ಅ’ದ ಮೇಲೆ ಬಳಪ ಓಡಿಸಿದ್ದೆನಲ್ಲ, ಅದೇ ಕೆಲಸ ಇದು. ಅದನ್ನು ನಾವು ‘ತಿದ್ದುವುದು’ ಎನ್ನುತ್ತೇವೆ.

ಟೈರಿನ ಅಕ್ಷರವನ್ನು ನಾವು ಬರೆಯುವುದಿಲ್ಲ, ಅದು ಅಲ್ಲಿದೆ. ತುಂಬುವುದೂ ಇಲ್ಲ, ಅದು ಖಾಲಿಯಿಲ್ಲ. ಇರುವ ಅಕ್ಷರದ ಮೇಲೆಯೇ, ಅದರ ಆಕಾರ ಮೀರದಂತೆ, ಇನ್ನೊಂದು ಪದಾರ್ಥದಿಂದ ಮತ್ತೆ ಸಾಗುವುದಕ್ಕೆ ‘ತಿದ್ದು’ವಿಗಿಂತ ಹತ್ತಿರದ ಮಾತು ನನಗೆ ಕಾಣುತ್ತಿಲ್ಲ. ಕಾಡಿಗೆಗೆ, ಹುಬ್ಬಿಗೆ ಬಳಸುವ ‘ತೀಡು’ ಕೂಡ ನೆನಪಿಗೆ ಬಂತು. ಅಂಚಿನ ನಯ ಅದರಲ್ಲಿದೆ, ಆದರೆ ಅಕ್ಷರದ ನಂಟು ಇಲ್ಲ.

ತೊಡಕು ಇರುವುದು ‘ತಿದ್ದು’ವಿನ ಇನ್ನೊಂದು ಅರ್ಥದಲ್ಲಿ. ‘ಲೆಕ್ಕ ತಿದ್ದಿದ’, ‘ದಿನಾಂಕ ತಿದ್ದಿದ’ ಎಂದರೆ ಮೋಸವೆಂದೇ ಅರ್ಥ. ಟೈರಿನ ಮಗ್ಗುಲಲ್ಲಿ ಕಂಪನಿಯ ಹೆಸರಷ್ಟೇ ಅಲ್ಲದೆ ಅಳತೆ, ತಡೆಯಬಲ್ಲ ಭಾರ, ತಯಾರಾದ ಕಾಲ ಎಲ್ಲವೂ ಉಬ್ಬಕ್ಷರದಲ್ಲೇ ಇರುತ್ತವೆ. 2000ದಿಂದ ಈಚೆಗೆ ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಸೂಚಿಸುತ್ತಾರೆ. ‘2319’ ಎಂದಿದ್ದರೆ 2019ರ 23ನೆಯ ವಾರ. ಹೀಗಿರುವಾಗ ‘ಟೈರಿನ ಅಕ್ಷರಗಳನ್ನು ತಿದ್ದುವ ವಿಧಾನ’ ಎಂದು ಅಧ್ಯಾಯಕ್ಕೆ ಹೆಸರಿಟ್ಟರೆ, ಹಳೆಯ ಟೈರನ್ನು ಹೊಸದೆಂದು ಮಾರುವ ವಿದ್ಯೆಯನ್ನು ಕಲಿಸುತ್ತಿದ್ದೇನೆ ಎಂದು ಯಾರಾದರೂ ತಿಳಿದರೆ ಅವರದು ತಪ್ಪೆನ್ನಲಾಗದು. ಇದನ್ನು ತಪ್ಪಿಸಲು ಸದ್ಯಕ್ಕೆ ‘ಉಬ್ಬಕ್ಷರದ ಮೇಲೆ ಬಿಳಿ ತಿದ್ದುವುದು’ ಎಂದು ಬರೆದಿದ್ದೇನೆ. ದ್ವಿತೀಯಾ ವಿಭಕ್ತಿಯನ್ನು ಅಕ್ಷರದಿಂದ ತೆಗೆದು ‘ಮೇಲೆ’ ಎಂದು ಸೇರಿಸಿದಾಗ, ಬದಲಾಯಿಸುವ ಅರ್ಥ ಹಿಂದೆ ಸರಿದು, ಸ್ಲೇಟಿನ ಅರ್ಥ ಮುಂದೆ ಬರುತ್ತದೆ ಎಂದು ನನ್ನ ಕಿವಿ ಹೇಳುತ್ತಿದೆ. ಆದರೆ ‘ಬಿಳಿ’ಯನ್ನು ‘ತಿದ್ದು’ವಿನ ಕರ್ಮವಾಗಿ ನಿಲ್ಲಿಸಿದ್ದು ಸರಿಯೇ, ‘ಬಿಳಿಯಿಂದ ತಿದ್ದುವುದು’ ಎಂದೇ ಇರಬೇಕೇ ಎಂಬಲ್ಲಿ ಅನುಮಾನ ಉಳಿದಿದೆ. ‘ಮೇಲೆ ತಿದ್ದು’ ಎಂಬ ಬಳಕೆಯನ್ನು ಮಕ್ಕಳ ಬರವಣಿಗೆಯ ಹೊರಗೆ, ಬೋರ್ಡ್ ಬರೆಯುವವರ ಅಥವಾ ಚಿತ್ರ ಬಿಡಿಸುವವರ ಮಾತಿನಲ್ಲಿ ಕೇಳಿದವರಿದ್ದರೆ, ಅವರು ಬಣ್ಣದ ಹೆಸರಿಗೆ ಯಾವ ವಿಭಕ್ತಿ ಹಚ್ಚುತ್ತಾರೆ ಎಂಬುದನ್ನು ದಯವಿಟ್ಟು ಪೂರ್ತಿ ವಾಕ್ಯದ ಸಮೇತ ತಿಳಿಸಬೇಕಾಗಿ ಕೋರುತ್ತೇನೆ.