‘ಸಂಭಾವನೆ ಬಂದಿರಬಹುದು’ ಎಂದು ಬರೆದರೆ ಸಾಕೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ತೀರಾ ಅಗ್ಗದ ಬೆಲೆಯ ಷೇರುಗಳ, ಅಂದರೆ ಅಮೆರಿಕದ ಪೆನ್ನಿ ಸ್ಟಾಕ್‌ಗಳ ಬಗ್ಗೆ ಇಮೇಲ್‌ನಲ್ಲಿ ಬರುವ ಸುದ್ದಿಪತ್ರವೊಂದನ್ನು ಕೆಲವು ತಿಂಗಳಿಂದ ಓದುತ್ತಿದ್ದೇನೆ. ಕಳೆದ ವಾರ ಅದರಲ್ಲಿ 5 ಸೆಂಟ್ ಬೆಲೆಯ ಗಣಿ ಕಂಪನಿಯ ಷೇರೊಂದನ್ನು ಬಾಯಿ ತುಂಬ ಹೊಗಳಿದ್ದರು. ಕೊನೆಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ‘ಈ ಬರಹಕ್ಕೆ ಸಂಭಾವನೆ ಬಂದಿರಬಹುದು, ನಮ್ಮ ಬಳಿ ಈ ಷೇರುಗಳಿರಬಹುದು, ಅವನ್ನು ಯಾವಾಗ ಬೇಕಾದರೂ ಮಾರಬಹುದು’ ಎಂದಿತ್ತು. ಅವರೇ ಹೇಳಿಕೊಂಡಿದ್ದಾರಲ್ಲ, ಹಾಗಾದರೆ ಪ್ರಾಮಾಣಿಕರೆಂದು ನಂಬಬಹುದೇ?

ಉತ್ತರ: ಆ ಸಾಲಿನಲ್ಲಿ ಮೂರು ‘ಬಹುದು’ಗಳಿವೆ, ತೊಡಕಿರುವುದು ಅಲ್ಲಿಯೇ. ಹಣ ಬಂದಿದೆಯೋ ಇಲ್ಲವೋ ಎಂಬುದು ಬರೆದವರಿಗೆ ಖಚಿತವಾಗಿ ಗೊತ್ತಿರುವ ಸಂಗತಿ. ಗೊತ್ತಿರುವುದನ್ನು ಸಾಧ್ಯತೆಯಂತೆ ಹೇಳುವುದು ಬಹಿರಂಗಪಡಿಸುವಿಕೆ ಅಲ್ಲ, ಜಾಣತನದ ಮರೆಮಾಚುವಿಕೆ. ಅಮೆರಿಕದ 1933ರ ಸೆಕ್ಯುರಿಟೀಸ್ ಕಾಯ್ದೆಯ 17(ಬಿ) ಕಲಮಿನ ಪ್ರಕಾರ, ಷೇರು ಹೊರಡಿಸಿದ ಕಂಪನಿಯಿಂದ ನೇರವಾಗಿಯಾಗಲಿ ಸುತ್ತುದಾರಿಯಲ್ಲಾಗಲಿ ಪ್ರತಿಫಲ ಪಡೆದು ಆ ಷೇರನ್ನು ಪ್ರಚಾರ ಮಾಡುವವರು, ಈಗಾಗಲೇ ಪಡೆದದ್ದನ್ನೂ ಮುಂದೆ ಪಡೆಯಲಿರುವುದನ್ನೂ, ಅದರ ಮೊತ್ತದ ಸಮೇತ, ಪೂರ್ಣವಾಗಿ ತಿಳಿಸಬೇಕು. ನೀವು ಉಲ್ಲೇಖಿಸಿದ ಸಾಲಿನಲ್ಲಿ ಮೊತ್ತವೂ ಇಲ್ಲ, ಕೊಟ್ಟವರು ಯಾರೆಂಬುದೂ ಇಲ್ಲ.

ಸಂಭಾವನೆ ನಗದಿನ ಬದಲು ಷೇರಿನ ರೂಪದಲ್ಲಿದ್ದರೆ ವಿಷಯ ಇನ್ನೂ ಗಂಭೀರ. ಉದಾಹರಣೆಗೆ, ಬರಹಗಾರರಿಗೆ 5 ಸೆಂಟಿನ 10 ಲಕ್ಷ ಷೇರು ಸಿಕ್ಕಿದೆ ಎಂದುಕೊಳ್ಳಿ. ಕಾಗದದ ಮೇಲೆ ಅದು 50,000 ಡಾಲರ್. ಆದರೆ ಆ ಷೇರಿನಲ್ಲಿ ದಿನಕ್ಕೆ ನಡೆಯುವ ವಹಿವಾಟು ಬರೀ 40,000 ಷೇರುಗಳಷ್ಟೇ ಆಗಿದ್ದರೆ, ಮಾರುಕಟ್ಟೆಯಲ್ಲಿ ಮಾರುವವರು ಅವರೊಬ್ಬರೇ ಎಂದುಕೊಂಡರೂ ಎಲ್ಲವನ್ನೂ ಮಾರಲು 25 ದಿನ ಬೇಕು, ಅಷ್ಟರೊಳಗೆ ಬೆಲೆ ನೆಲಕಚ್ಚಿರುತ್ತದೆ. ಆದ್ದರಿಂದ ಆ 50,000 ಡಾಲರ್ ಕೈಗೆ ಬರಬೇಕಾದರೆ ಕೊಳ್ಳುವವರ ಗುಂಪೊಂದು ಹುಟ್ಟಬೇಕು, ಅದನ್ನು ಹುಟ್ಟಿಸುವುದೇ ಆ ಬರಹದ ಕೆಲಸ. ಓದುಗರು ಕೊಳ್ಳುವ ಷೇರು ಅದೇ ಸುದ್ದಿಪತ್ರದವರು ಮಾರುತ್ತಿರುವ ಷೇರೇ ಆಗಿರುವುದು ಈ ವ್ಯವಹಾರದಲ್ಲಿ ಅಪರೂಪವೇನಲ್ಲ.

‘ಯಾವಾಗ ಬೇಕಾದರೂ ಮಾರಬಹುದು’ ಎಂಬುದನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಮಾರಾಟ ಆಗಲೇ ನಡೆಯುತ್ತಿದ್ದರೆ ಆ ಮಾತು ಅರ್ಧಸತ್ಯ. ತಾನು ಮೊದಲೇ ಕೊಂಡು, ಚಂದಾದಾರರಿಗೆ ಶಿಫಾರಸು ಮಾಡಿ, ಬೆಲೆ ಏರಿದೊಡನೆ ಮಾರುತ್ತಿದ್ದ ಸಲಹಾ ಸಂಸ್ಥೆಯೊಂದರ ಪ್ರಕರಣದಲ್ಲಿ, ಹಾಗೆ ಮಾಡಿ ಅದನ್ನು ಬಚ್ಚಿಡುವುದು ಗ್ರಾಹಕರಿಗೆ ಎಸಗಿದ ವಂಚನೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿಯೇ ಹೇಳಿದೆ. ಆಗ ಅಂಚೆಯಲ್ಲಿ ಹೋಗುತ್ತಿದ್ದ ಪತ್ರ ಈಗ ಇಮೇಲ್‌ನಲ್ಲಿ ಬರುತ್ತಿದೆ, ಅಷ್ಟೇ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ಷೇರುಗಳ ಬಗ್ಗೆ ಆಗಾಗ ಬರೆಯುತ್ತೇನೆ. ಅಂಥದೇ ಒಂದು ಕಂಪನಿಯವರು ನಾಲ್ಕು ಲೇಖನಗಳಿಗೆ ಪ್ರತಿಫಲವಾಗಿ ಷೇರು ಕೊಡಲು ಮುಂದೆ ಬಂದಿದ್ದಾರೆ. ಎಲ್ಲವನ್ನೂ ತಿಳಿಸಿ ಬರೆದರೆ ತಪ್ಪಾಗುವುದಿಲ್ಲ ತಾನೇ?

ಉತ್ತರ: ತಿಳಿಸುವುದಾದರೆ ಲೇಖನದ ಮೊದಲ ಸಾಲುಗಳಲ್ಲಿಯೇ ತಿಳಿಸಿ: ‘ಈ ನಾಲ್ಕು ಲೇಖನಗಳಿಗೆ ಇದೇ ಕಂಪನಿಯಿಂದ ಇಂತಿಷ್ಟು ಷೇರು ಪಡೆದಿದ್ದೇನೆ, ಅಂದಿನ ಬೆಲೆಯಲ್ಲಿ ಅದರ ಮೌಲ್ಯ ಇಷ್ಟು, ಇಂದಿನವರೆಗೆ ಇಷ್ಟನ್ನು ಮಾರಿದ್ದೇನೆ.’ ನಾಲ್ಕರಲ್ಲಿಯೂ ಇದು ಇರಬೇಕು. ಮೊದಲನೆಯದರಲ್ಲಿ ಹೇಳಿದ್ದೇನೆಂದು ಉಳಿದವುಗಳಲ್ಲಿ ಬಿಡುವಂತಿಲ್ಲ, ಏಕೆಂದರೆ ಮೂರನೆಯದನ್ನು ಮಾತ್ರ ಓದುವವರೂ ಇರುತ್ತಾರೆ. ಇಷ್ಟು ಮಾಡಿದರೂ ಸುಳ್ಳು ಹೇಳಿಕೆಗೆ ರಕ್ಷಣೆ ಸಿಗುವುದಿಲ್ಲ: ಪರವಾನಗಿಯೇ ಇಲ್ಲದ ಗಣಿಯನ್ನು ‘ಉತ್ಪಾದನೆಗೆ ಸಿದ್ಧ’ ಎಂದು ಬರೆದರೆ, ಸಂಭಾವನೆಯ ವಿವರ ಎಷ್ಟೇ ಚೊಕ್ಕವಾಗಿದ್ದರೂ ಅದು ವಂಚನೆಯೇ. ಕಂಪನಿಯವರೇ ಕಳಿಸಿದ ಒಕ್ಕಣೆಯನ್ನು ನಿಮ್ಮ ಹೆಸರಿನಲ್ಲಿ ಪ್ರಕಟಿಸುವುದು ಬೇಡ.

ಒಪ್ಪಿಕೊಳ್ಳುವ ಮುನ್ನ ಆ ಕಂಪನಿ ಅಮೆರಿಕದ ಷೇರು ಆಯೋಗಕ್ಕೆ ಸಲ್ಲಿಸಿರುವ ವರದಿಗಳನ್ನು ಎಡ್ಗರ್ ತಾಣದಲ್ಲಿ ಉಚಿತವಾಗಿ ಓದಬಹುದು. ದೊಡ್ಡ ಷೇರುಪೇಟೆಗಳ ಹೊರಗೆ ವಹಿವಾಟಾಗುವ ಷೇರುಗಳ ಒಟಿಸಿ ಮಾರ್ಕೆಟ್ಸ್ ತಾಣದಲ್ಲಿ ಅದರ ಹೆಸರಿನ ಪಕ್ಕ ಕೊಳ್ಳುವವರನ್ನು ಎಚ್ಚರಿಸುವ ತಲೆಬುರುಡೆಯ ಚಿಹ್ನೆ ಕಂಡರೆ ನನ್ನನ್ನು ಇನ್ನೊಮ್ಮೆ ಕೇಳುವ ಅಗತ್ಯವಿಲ್ಲ, ಷೇರುಗಳನ್ನು ಬೇಡವೆಂದುಬಿಡಿ.